ಬಾಗಿಲುಮನೆಯ ವೀಳ್ಯ

ಮಗಳು ಸ್ಕೂಟರ್ ಓಡಿಸುತ್ತಿದ್ದಳು. ಹಿಂದೆ ಕೂತಿದ್ದ ಮಹೇಶ್‌ಕುಮಾರನಿಗೆ ಹೆದರಿಕೆಯಾಗುತ್ತಿತ್ತು. ರಸ್ತೆಯ ಹೆದರಿಕೆಯಲ್ಲ ಅದು. ಕೆ.ಆರ್. ನಗರದಿಂದ ಹುಣಸೂರಿನವರೆಗೂ ಗೌತಮಿ ಒಂದೇ ಹದದಲ್ಲಿ ಬಂದಿದ್ದಳು. ಹಂಪ್ ಕಂಡಲ್ಲಿ ನಿಧಾನಿಸಿ, ಲಾರಿ ಕಂಡಲ್ಲಿ ಬದಿಗೆ ಸರಿದು. ಗಾಡಿ ಓಡಿಸುವುದರಲ್ಲಿ ಅವಳು ಅಪ್ಪನಿಗಿಂತ ಮೇಲು ಎಂದು ಅವನೇ ನಾಲ್ಕು ಜನರೆದುರು ಹೇಳಿಕೊಂಡು ಹೆಮ್ಮೆಪಟ್ಟಿದ್ದಾನೆ. ಈ ಹೆದರಿಕೆ ಹೊಟ್ಟೆಯೊಳಗೆಲ್ಲೋ, ಬೆಳಿಗ್ಗೆ ತಿಂದ ಇಡ್ಲಿಯ ಪಕ್ಕದಲ್ಲೇ ಸುಮ್ಮನೆ ಕೂತಿತ್ತು. ಹುಣಸೂರು ದಾಟಿ ವೀರನಹೊಸಹಳ್ಳಿ ಕಡೆಯ ರಸ್ತೆ ಹಿಡಿದ ಮೇಲೆ, ಎರಡೂ ಕಡೆ ಹೊಗೆಸೊಪ್ಪಿನ ಹೊಲಗಳು ಶುರುವಾಗಿ, ಸೊಪ್ಪು ಬೇಯಿಸುವ ಬ್ಯಾರನ್ನುಗಳ ವಾಸನೆ ಮೂಗಿಗೆ ಬಡಿದ ಮೇಲೆ ಅದು ಎದ್ದು ಓಡಾಡತೊಡಗಿತು. ಶ್ರಾವಣದ ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಅವನು ಆಗಲೇ ಎರಡು ಸಲ ಗಾಡಿ ನಿಲ್ಲಿಸಲು ಹೇಳಿ ಮರದ ಮರೆಗೆ ಹೋಗಿ ಬಂದಿದ್ದ. ಮತ್ತೆ ನಿಲ್ಲಿಸು ಎಂದಾಗ ಅವಳು ನಿಲ್ಲಿಸಲಿಲ್ಲ. “ಅಪ್ಪ, ನಿನಗೆ ಬಂದಿರೋದು ಉಚ್ಚೆ ಅಲ್ಲ, ಭಯ. ಸುಮ್ನೆ ಕೂತ್ಕೋ” ಎಂದಳು.

ಅವಳ ಮಾತು ಸರಿಯಾಗಿಯೇ ಇತ್ತು. ಆದರೆ ಹೆದರುವಂಥದ್ದು ಏನಿತ್ತು? ಅವನನ್ನು ಹೊಡೆಯಲು ಯಾರೂ ಕರೆದಿರಲಿಲ್ಲ, ಹಾರ ಹಾಕಲು ಕರೆದಿದ್ದರು. ಕೋಟೆಕೊಪ್ಪಲಿನ ವೆಂಕಟೇಶನ ತಂಗಿಯ ನಿಶ್ಚಿತಾರ್ಥ. ವೆಂಕಟೇಶ ಹುಣಸೂರಿನಲ್ಲಿ ಗೊಬ್ಬರ, ಔಷಧಿಯ ಅಂಗಡಿ ಇಟ್ಟವನು. ಮಹೇಶ್‌ಕುಮಾರನ ಕಾದಂಬರಿಗಳ ಅಭಿಮಾನಿಗಳ ಗುಂಪೊಂದನ್ನು ವಾಟ್ಸಾಪಿನಲ್ಲಿ ಕಟ್ಟಿಕೊಂಡು, ದಿನಕ್ಕೊಂದು ಸಾಲು ಹಾಕುತ್ತಿದ್ದವನು. ಇಂಥವರಿಗಾಗಿ ತಾನು ಎಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕಾದಿದ್ದೆ ಎಂಬುದನ್ನು ನೆನೆದರೆ ಮಹೇಶ್‌ಕುಮಾರನಿಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೈಸೂರಿನಲ್ಲಿ ಮೊದಲ ಪುಸ್ತಕದ ಬಿಡುಗಡೆಗೆ ಬಂದವರು ಅವನ ಭಾವಮೈದ, ಭಾವಮೈದನ ಸ್ನೇಹಿತ, ಮತ್ತು ಮುಂದಿನ ಕಾರ್ಯಕ್ರಮಕ್ಕೆ ಬೇಗ ಬಂದು ಕೂತಿದ್ದ ಒಬ್ಬ ವಯಸ್ಸಾದ ಹೆಂಗಸು. ವಿಮರ್ಶಕರೊಬ್ಬರು ಪುಟ ತಿರುವಿ, “ಚೆನ್ನಾಗಿದೆ, ನಮ್ಮ ಮೊಮ್ಮಗನಿಗೆ ಕೊಡ್ತೀನಿ. ಅವನಿಗೆ ರಾಕ್ಷಸರು ಅಂದ್ರೆ ಇಷ್ಟ” ಎಂದಿದ್ದರು. ಆ ಮಾತನ್ನು ಅವನು ಎಷ್ಟು ರಾತ್ರಿ ಮಗ್ಗುಲು ಬದಲಿಸುತ್ತ ಅಗಿದಿದ್ದನೋ. ಈಗ ನೋಡಿದರೆ ವೆಂಕಟೇಶನಂಥವರು ಅವನನ್ನು ಓದಿ ನಂಬುತ್ತಿದ್ದರು. ಹೊಗಳಿದರೆ ತಡೆದುಕೊಳ್ಳಬಹುದು, ತೆಗಳಿದರೂ ತಡೆದುಕೊಳ್ಳಬಹುದು. ನಂಬಿದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕೆ.ಆರ್. ನಗರದ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ. ಹೊಟ್ಟೆಪಾಡು ನಡೆಯುವುದು ಲಗ್ನಪತ್ರಿಕೆಗಳಿಂದ. ಸಾಲಿಗ್ರಾಮದಿಂದ, ಚುಂಚನಕಟ್ಟೆಯಿಂದ, ಪಿರಿಯಾಪಟ್ಟಣದ ಆಚೆಯಿಂದಲೂ ಜನ ಬಂದು ಬೆಂಚಿನ ಮೇಲೆ ಕೂತು ಹೆಸರುಗಳನ್ನು ಹೇಳುತ್ತಾರೆ, ಅವನು ಟೈಪ್ ಮಾಡುತ್ತಾನೆ. ಇಂಥ ಊರಿನ ಇಂಥ ಮನೆಯ ಇಂಥವರ ಮೊಮ್ಮಗಳು. ದೊಡ್ಡಮನೆ, ಹೊಸಮನೆ, ಬೇವಿನಮರದ ಮನೆ. ಒಂದು ಮನೆಯ ಹೆಸರು ಬಿಟ್ಟುಹೋದರೆ ಮದುವೆ ಮನೆಯಲ್ಲಿ ತಲೆ ಒಡೆಯುತ್ತವೆ, ಅದಕ್ಕೇ ಅವನು ಓದಿ ಹೇಳಿ, ಮತ್ತೆ ಓದಿ ಹೇಳಿ, ಸರಿಯೇ ಎಂದು ಕೇಳಿ ಪ್ರಿಂಟಿಗೆ ಹಾಕುತ್ತಾನೆ. ಗಿರಾಕಿಗಳು ಹೋದ ಮೇಲೆ ಅದೇ ಕಂಪ್ಯೂಟರಿನಲ್ಲಿ ಕಾದಂಬರಿ. ಪಾಳೆಗಾರರು, ಮಾಟಗಾರರು, ಕಣ್ಣಲ್ಲಿ ಬೆಂಕಿ ಇರುವ ದೇವತೆಗಳು. ‘ಹುಲಿಗಣ್ಣಿನ ಕೋಟೆ’ ಬರೆಯುವಾಗ ಕಾಡಂಚಿನ ಕೋಟೆಗೆ ಎರಡು ಮನೆತನ ಬೇಕಾದವು. ಶತ್ರುವಿಗೆ ಬಾಗಿಲು ತೆಗೆದು ಕೋಟೆ ಕಳೆದವನದೊಂದು, ಆ ಬಾಗಿಲಲ್ಲೇ ನಿಂತು ಕಾದಾಡಿ ಸತ್ತವನದೊಂದು. ಬಾಗಿಲುಮನೆ, ಮೂಲೆಮನೆ ಎಂದು ಬೆರಳಿನ ತುದಿಗೇ ಬಂದುಬಿಟ್ಟವು. ಎಷ್ಟು ಸಲೀಸಾಗಿ ಬಂದವು ಎಂದರೆ ತನ್ನ ಕಲ್ಪನೆಗೆ ತಾನೇ ಬೆನ್ನು ತಟ್ಟಿಕೊಂಡು ಎದ್ದು ಟೀ ಕುಡಿದು ಬಂದಿದ್ದ.

ಅವು ಕಲ್ಪನೆಯಲ್ಲ ಎಂದು ಗೊತ್ತಾದದ್ದು ಹೋದ ವಾರ. ಅಂಗಡಿಯಲ್ಲಿ ಗಿರಾಕಿ ಕೂತಿರುವಾಗಲೇ ಫೋನ್ ಬಂತು. ಹೆಣ್ಣು ದನಿ. ಕೋಟೆಕೊಪ್ಪಲಿನಿಂದ, ರಮ್ಯಶ್ರೀ ಅಂತ.

“ಸಾರ್, ನಾನು ಬಾಗಿಲುಮನೆ ಸೊಸೆ ಕಣ್ ಸಾರ್. ನೀವು ಬರ್ದಿರೋ ಮನೆ.”

“ಅದು ಕತೆಯಮ್ಮ. ಅಂಥ ಮನೆ ಇಲ್ಲ” ಎಂದಿದ್ದ ಅವನು, ನಗುತ್ತಲೇ.

“ಐತಲ್ಲ ಸಾರ್. ಈಗ ನಾನು ಅದರೊಳಗೇ ನಿಂತು ಮಾತಾಡ್ತಾ ಇವ್ನಿ. ನಮ್ ಲಗ್ನಪತ್ರಿಕೆ ನಿಮ್ಮಂಗ್ಡೀಲೇ ಪ್ರಿಂಟ್ ಆಗಿದ್ದು. ಮೂಲೆಮನೆ ವೆಂಕಟೇಶಣ್ಣಂದೂ ಅಲ್ಲೇ.”

ಅವಳು ಸಿಟ್ಟಾಗಿರಲಿಲ್ಲ, ಅದೇ ಹೆಚ್ಚು ಭಯವಾಗುವಂತಿತ್ತು. ಊರಲ್ಲಿ ಯಾವ ಶುಭಕಾರ್ಯವಾದರೂ ಮನೆಮನೆಯ ಹೆಸರು ಕೂಗಿ ವೀಳ್ಯ ಕೊಡುತ್ತಾರೆ, ಮೊದಲನೆಯ ವೀಳ್ಯ ಊರಬಾಗಿಲಲ್ಲಿರುವ ತಮ್ಮ ಮನೆಗೆ, ಅದು ಯಾವ ಕಾಲದಿಂದಲೋ ಬಂದದ್ದು ಎಂದು ನಿಧಾನವಾಗಿ ಹೇಳಿದಳು. ಈಗ ವೆಂಕಟೇಶನ ತಂಗಿಯ ಕಾರ್ಯದಲ್ಲಿ ಬಾಗಿಲುಮನೆಯ ಹೆಸರನ್ನೇ ಕೂಗುವುದಿಲ್ಲವಂತೆ. ಕೋಟೆ ಮಾರಿಕೊಂಡವರಿಗೆ ಯಾವ ವೀಳ್ಯ ಎಂದು ಪಂಚಾಯ್ತಿ ಮಾಡಿದ್ದಾರಂತೆ. “ಹೆಸ್ರು ಕೂಗ್ನಿಲ್ಲ ಅಂದ್ರೆ ನಾವು ಊರಲ್ಲೇ ಇಲ್ಲ ಅಂತ ಸಾರ್. ನಂಗೆ ಹೆಣ್ ಮಗ ಐತೆ. ನಾಳೆ ಯಾರು ಕೇಳ್ತಾರೆ? ಅವತ್ತು ನೀವು ಬತ್ತೀರಂತಲ್ಲ. ಎಲ್ಲಾರ ಮುಂದೆ ಇದು ಕತೆ, ನಾನೇ ಕಟ್ಟಿದ್ದು ಅಂತ ಒಂದ್ ಮಾತು ಹೇಳ್ಬುಡಿ.” ಆಯ್ತು ಎಂದ. ಫೋನ್ ಇಟ್ಟ ಮೇಲೆ ಹೋಗದೆ ಇರುವುದಕ್ಕೆ ಕಾರಣಗಳನ್ನು ಹುಡುಕತೊಡಗಿದ. ಜ್ವರ ಅನ್ನಬಹುದು. ಅಂಗಡಿಗೆ ಯಾರೂ ಇಲ್ಲ ಅನ್ನಬಹುದು. ಆದರೆ ಗೌತಮಿ ಅಲ್ಲೇ ಜೆರಾಕ್ಸ್ ಮೆಷಿನ್ನಿನ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಡಿಗ್ರಿ ಕೊನೆಯ ವರ್ಷದಲ್ಲಿದ್ದ ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವನ ಹೆಂಡತಿ ಇದನ್ನು ಒಂದು ಕಾಯಿಲೆಯಂತೆ ಬೇರೆಯವರಿಗೆ ವರ್ಣಿಸುತ್ತಾಳೆ. “ನಾನೇ ಕರ್ಕೊಂಡ್ ಹೋಗ್ತೀನಿ” ಎಂದಿದ್ದಳು ಗೌತಮಿ.

ಒಂದು ಮಾತು. ನಾನೇ ಕಟ್ಟಿದ್ದು. ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿ ಹೇಳಿ ನೋಡುತ್ತಿದ್ದ. ಒಮ್ಮೆ ಹಾಗೆ ಹೇಳಲು ಹೋಗಿಯೂ ಇದ್ದ. ಪುಸ್ತಕದ ಅಂಗಡಿಯೊಂದರಲ್ಲಿ ಸಹಿ ಹಾಕಿಸಿಕೊಳ್ಳಲು ಬಂದ ಎಚ್.ಡಿ. ಕೋಟೆ ಕಡೆಯವನೊಬ್ಬ ಕಾದಂಬರಿಯಲ್ಲಿ ಬರುವ ಹುಲಿಗಣ್ಣವ್ವನ ಗುಡಿ ಎಲ್ಲಿ ಬರುತ್ತದೆ ಎಂದು ಕೇಳಿದ. ಎಲ್ಲೂ ಇಲ್ಲ, ಅದು ನನ್ನ ತಲೆಯಲ್ಲಿ ಹುಟ್ಟಿದ ದೇವರು ಎಂದ ಮಹೇಶ್‌ಕುಮಾರ್. ಆ ಮನುಷ್ಯ ಅವನನ್ನೇ ನೋಡಿದ. “ಅಂಗನ್ಬ್ಯಾಡಿ ಸಾರ್. ನನ್ ಎಂಡ್ರು ಅವ್ವುಂಗೆ ಹರಕೆ ಕಟ್ಕಂಡಿದ್ಲು. ಮಗ ಆಗೈತೆ” ಎಂದ. ದನಿ ಮೆತ್ತಗಿತ್ತು, ಆದರೆ ಸಹಿಗೆ ಚಾಚಿದ್ದ ಪುಸ್ತಕವನ್ನು ಹಿಂದಕ್ಕೆ ಎಳೆದುಕೊಂಡ. ಮಹೇಶ್‌ಕುಮಾರ್ ಏನು ಮಾಡಿದ? ನಕ್ಕು, ಶುಭವಾಗಲಿ ಎಂದು ಬರೆದು ಸಹಿ ಹಾಕಿ ಕೊಟ್ಟ. ಇನ್ನೊಂದು ಮಾತು ಆಡಿದ್ದರೆ ಆ ಮಗುವಿಗೆ ಏನಾದರೂ ಆಗಿಬಿಡುತ್ತಿತ್ತು ಎನ್ನುವ ಹುಚ್ಚು ಭಯ ಅವನನ್ನು ಅಂದು ಮನೆಯವರೆಗೂ ಅಟ್ಟಿಸಿಕೊಂಡು ಬಂದಿತ್ತು.

ಊರಿನ ಬಾಯಿಗೆ ಬರುತ್ತಿದ್ದಂತೆ ಗೌತಮಿ ಬ್ರೇಕ್ ಹಾಕಿದಳು. ಅಲ್ಲೊಂದು ಸ್ಟೀಲ್ ಬೋರ್ಡು. ಹಳೆಯ ವೀರಗಲ್ಲೊಂದಕ್ಕೆ ಕುಂಕುಮ, ಅರಿಶಿನ ಮೆತ್ತಿ, ಎರಡು ಕಣ್ಣಿಗೆ ಹೊಳೆಯುವ ಹಳದಿ ಗಾಜು ಅಂಟಿಸಿದ್ದರು. ಬೋರ್ಡಿನ ಮೇಲೆ ‘ಐತಿಹಾಸಿಕ ಸ್ಥಳ’ ಎಂದಿತ್ತು. ಅದರ ಕೆಳಗೆ, ‘ಇಲ್ಲಿಯ ಮಣ್ಣು ಇನ್ನೂ ಬೆಚ್ಚಗಿರುವುದು ಬಿಸಿಲಿನಿಂದಲ್ಲ, ಅಂದು ಚೆಲ್ಲಿದ ನೆತ್ತರಿನಿಂದ.’ ತನ್ನದೇ ವಾಕ್ಯವನ್ನು ಅವನು ಅಪರಿಚಿತನಂತೆ ಓದಿದ. ಬರೆದ ದಿನವೇ ಅತಿಯಾಯಿತೆನಿಸಿ ಹೊಡೆದುಹಾಕಬೇಕೆಂದುಕೊಂಡು, ಸೋಮಾರಿತನಕ್ಕೆ ಬಿಟ್ಟಿದ್ದ ವಾಕ್ಯ ಅದು. ಬೋರ್ಡಿನಲ್ಲಿ ಎಲ್ಲೂ ಅವನ ಹೆಸರಿರಲಿಲ್ಲ. ಹೆಸರಿದ್ದಿದ್ದರೆ ಒಂದಿಷ್ಟು ಧೈರ್ಯ ಬರುತ್ತಿತ್ತೇನೋ, ಯಾರೋ ಒಬ್ಬ ಬರೆದದ್ದು ಎಂದಾದರೂ ಆಗುತ್ತಿತ್ತು. ಗೌತಮಿ ಬಗ್ಗಿ ಬರಿಗೈಯಿಂದ ಮಣ್ಣು ಮುಟ್ಟಿ ನೋಡಿ, “ತಣ್ಣಗೇ ಇದೆ” ಎಂದಳು. ಅವನಿಗೆ ನಗು ಬರಲಿಲ್ಲ. ರಸ್ತೆಯ ಆಚೆ, ಕಲ್ಲಿಗೆ ಎದುರಾಗಿ, ಊರಿನ ಮೊದಲನೆಯ ಮನೆ. ಹೆಂಚಿನ ಮನೆ, ಬಣ್ಣ ಬಳಿದ ಬಾಗಿಲು, ತಂತಿಯ ಮೇಲೆ ಚಿಕ್ಕ ಹುಡುಗಿಯ ಲಂಗ. ಅದು ಯಾವ ಮನೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲಿನ ಮೇಲೆ ಯಾರೋ ಸುಣ್ಣದಲ್ಲಿ ಏನೋ ಗೀಚಿದ್ದರು, ಇನ್ನಾರೋ ತಿಕ್ಕಿ ಅಳಿಸಿದ್ದರು, ಅಳಿಸಿದ್ದು ಎದ್ದು ಕಾಣುತ್ತಿತ್ತು.

ಅವರನ್ನು ಕಂಡದ್ದೇ ಜನ ಓಡಿ ಬಂದರು. ವೆಂಕಟೇಶ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಬಂದು ಕಾಲಿಗೇ ಬಿದ್ದ. ಮಹೇಶ್‌ಕುಮಾರನಿಗೆ ಕಾಲು ಹಿಂದೆ ತೆಗೆಯಲೂ ಆಗದೆ ಅಲ್ಲೇ ಇಡಲೂ ಆಗದೆ ಒಂಟಿಕಾಲಿನಲ್ಲಿ ನಿಂತ ಹಾಗಾಯಿತು. ಶಾಮಿಯಾನದ ಕೆಳಗೆ ಎಲ್ಲರಿಗೂ ಪ್ಲಾಸ್ಟಿಕ್ ಕುರ್ಚಿ, ಅವನ ಕುರ್ಚಿಗೆ ಮಾತ್ರ ಬಿಳಿ ಟವೆಲ್ಲು. ಹುಡುಗರು ಬಂದು ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆಸಿಕೊಂಡರು. ಒಬ್ಬನ ತೋಳಿನಲ್ಲಿ ಹುಲಿಗಣ್ಣಿನ ಹಚ್ಚೆ. ಇನ್ನೊಬ್ಬ, “ಸಾರ್, ಕುದ್ರೆ ಯಾಕ್ ಸಾಯಿಸುದ್ರಿ? ನಾನು ಒಂದಿನ ಉಣ್ನಿಲ್ಲ” ಎಂದು ನಿಜವಾಗಿ ನೊಂದು ಕೇಳಿದ. ಎರಡು ವರ್ಷದ ಹಿಂದಾಗಿದ್ದರೆ ಈ ಪ್ರಶ್ನೆಗೆ ಅವನು ಆನಂದದಿಂದ ಕಣ್ಣೀರು ಹಾಕುತ್ತಿದ್ದ. ಈಗ ಆ ಹುಡುಗನ ಮುಖ ನೋಡಿ, ಕುದುರೆಗಾಗಿ ಉಣ್ಣದವನು ನನಗೆ ಏನು ಬೇಕಾದರೂ ಮಾಡಿಯಾನು ಎನಿಸಿತು. ಗೌತಮಿಯನ್ನು ಹೆಂಗಸರು ಕೈಹಿಡಿದು ಒಳಗೆ ಕರೆದುಕೊಂಡು ಹೋದರು. ಅವಳು ಹೋಗುತ್ತ ತಿರುಗಿ, ಹೇಳ್ತೀಯಲ್ಲ ಎಂಬಂತೆ ನೋಡಿದಳು.

ವೆಂಕಟೇಶ ಅವನ ಕಿವಿಯ ಹತ್ತಿರ ಬಗ್ಗಿದ. “ಸಾರ್, ಇವತ್ತು ಮೊದಲ್ನೇ ವೀಳ್ಯ ನಮ್ಮೂಲೆಮನೆಗೆ. ನೀವೇ ನಿಮ್ ಕೈಯಾರ ಕೊಡ್ಬೇಕು. ನಮ್ ತಾತ ಬಾಗ್ಲಲ್ಲಿ ನಿಂತು ಸತ್ತ, ನಮ್ಗೇ ಗೊತ್ತಿರ್ನಿಲ್ಲ ನೋಡಿ. ನೀವ್ ಬಂದು ಹೇಳ್ಬೇಕಾಯ್ತು.”

“ವೆಂಕಟೇಶ್, ಅದು ಕಾದಂಬರಿ...”

“ಗೊತ್ತು ಸಾರ್. ಅಲ್ಲಿ ಇಲ್ಲಿ ಸ್ವಲ್ಪ ಸೇರ್ಸಿರ್ತೀರಿ. ಆ ಮಾಟ ಮಂತ್ರ ಎಲ್ಲ. ಅಸ್ಲಿದ್ದು ಅಸ್ಲೀನೇ ಅಲ್ವಾ?” ಎಂದು ಅವನು ನಕ್ಕ. ಒಳ್ಳೆಯ ನಗು, ಕಪಟವಿಲ್ಲದ್ದು. ಮಹೇಶ್‌ಕುಮಾರ್ ಅದರಿಂದ ಕಣ್ಣು ತೆಗೆದು ಆಚೆ ನೋಡಿದ.

ಆಗ ಅವನು ಒಬ್ಬ ಮುದುಕನನ್ನು ಕಂಡ. ಶಾಮಿಯಾನದ ಹೊರಗೆ, ಬ್ಯಾರನ್ನಿನ ಗೋಡೆಗೆ ಒರಗಿ, ತೊಳೆದ ಅಂಗಿ ಹಾಕಿ, ಹೆಗಲ ಮೇಲೆ ಹೊಸ ಟವೆಲ್ ಹಾಕಿಕೊಂಡು ಒಬ್ಬನೇ ಕೂತಿದ್ದ. ಅವನ ಸುತ್ತ ಒಂದಿಷ್ಟು ಜಾಗ ಖಾಲಿ. ಪಕ್ಕದಲ್ಲಿ ನಿಂತಿದ್ದ ಹಸಿರು ಸೀರೆಯ ಹೆಂಗಸು ಮಹೇಶ್‌ಕುಮಾರನನ್ನೇ ನೋಡುತ್ತಿದ್ದಳು. ರಮ್ಯಶ್ರೀ ಅವಳೇ ಇರಬೇಕು. ಹಾಗಾದರೆ ಅವನು ಅವಳ ಮಾವ, ಫೋನಿನಲ್ಲಿ ಅವಳು ಹೆಸರು ಹೇಳಿದ್ದ ದೊಡ್ಡಬೀರಯ್ಯ, ಬಾಗಿಲುಮನೆಯ ಯಜಮಾನ. ಕಾದಂಬರಿಯಲ್ಲಿ ಬಾಗಿಲು ತೆಗೆದವನಿಗೆ ಬೀರ ಎಂದೇ ಹೆಸರಿಟ್ಟಿದ್ದು ಮಹೇಶ್‌ಕುಮಾರನಿಗೆ ಈಗ ನೆನಪಾಯಿತು. ಅದನ್ನೂ ಲಗ್ನಪತ್ರಿಕೆಯಿಂದಲೇ ಕದ್ದಿದ್ದನೆ? ದೇವರಾಣೆಗೂ ಗೊತ್ತಿರಲಿಲ್ಲ. ಯಾರ ಯಾರ ಅಜ್ಜಂದಿರನ್ನು, ಯಾರ ಯಾರ ಮನೆಗಳನ್ನು ತಾನು ಟೀ ಕುಡಿಯುತ್ತ ಎಳೆದು ತಂದು ಯುದ್ಧಕ್ಕೆ ನಿಲ್ಲಿಸಿರಬಹುದು, ಯಾರ ಮನೆಯ ಬಾಗಿಲಲ್ಲಿ ಈ ಹೊತ್ತು ಯಾರು ಸುಣ್ಣದಲ್ಲಿ ಗೀಚುತ್ತಿರಬಹುದು ಎಂದು ಯೋಚಿಸಿದರೆ ತಲೆ ಧಿಮ್ಮೆನ್ನುತ್ತಿತ್ತು.

ಆ ಬೀರನನ್ನು ಅವನು ಕೆಟ್ಟವನನ್ನಾಗಿ ಬರೆದಿರಲಿಲ್ಲ. ಇದನ್ನು ಎದ್ದು ಹೇಳಬೇಕೆನಿಸಿತು. ಮಳೆಯ ರಾತ್ರಿ, ಕೋಟೆಯ ಹೊರಗೆ ಸತ್ತುಹೋದ ಮಗಳ ದನಿ. ಅಪ್ಪ, ಚಳಿ, ಬಾಗಿಲು ತೆಗಿ. ಶತ್ರುವಿನ ಮಾಟಗಾರ ಮಾಡಿದ ದನಿ ಅದು. ಬೀರನಿಗೆ ಗೊತ್ತಿತ್ತು, ಗೊತ್ತಿದ್ದೂ ತೆಗೆದ. ಓದುಗರು ಅದನ್ನು ದಾಟಿ ಹೋಗಿದ್ದರು. ವಾಟ್ಸಾಪ್ ಗುಂಪಿನಲ್ಲಿ ಸಾವಿರ ಮಾತು ಬಂದಿದ್ದವು, ಕುದುರೆಯ ಬಗ್ಗೆ, ಕತ್ತಿಯ ಬಗ್ಗೆ. ಆ ಮಗುವಿನ ಬಗ್ಗೆ ಒಂದೂ ಇಲ್ಲ. ಅದಕ್ಕೆ ಅವನು ಒಳಗೊಳಗೆ ಬೇಸರಪಟ್ಟಿದ್ದ, ಆದರೆ ಆ ಬೇಸರವೂ ಪೂರಾ ಪ್ರಾಮಾಣಿಕವಲ್ಲ. ಪ್ರಕಾಶಕ ಫೋನ್ ಮಾಡಿ ಆ ಅಧ್ಯಾಯ ತೆಳ್ಳಗಾಯಿತು, ಬರೀ ದುಡ್ಡಿನಾಸೆಗೆ ಬಾಗಿಲು ತೆಗೆದ ಅಂದರೆ ಹಳೇದಾಯಿತು, ಏನಾದರೂ ಸೇರಿಸಿ ಎಂದಿದ್ದ. ಅವತ್ತು ಸಂಜೆ ಗಿರಾಕಿಯೊಬ್ಬ ಫೋಟೋ ತರಲು ಹೋದಷ್ಟು ಹೊತ್ತಿನಲ್ಲಿ ಒಂದು ಮಗುವನ್ನು ಸಾಯಿಸಿ, ಅದಕ್ಕೊಂದು ದನಿ ಕೊಟ್ಟು, ಸೇವ್ ಮಾಡಿ, ಮತ್ತೆ ಪತ್ರಿಕೆಗೆ ಬಂದಿದ್ದ.

ಲಗ್ನ ಓದಿಯಾಯಿತು. ಹುಡುಗ ಹುಡುಗಿ ಹಾರ ಹಾಕಿಕೊಂಡು ಕೂತರು. ವೀಳ್ಯ ಕೂಗುವವನು ಎದ್ದು ಗಂಟಲು ಸರಿಮಾಡಿಕೊಂಡ. ಎಲೆ, ಅಡಿಕೆ, ಕೊಬ್ಬರಿ ತುಂಬಿದ ತಟ್ಟೆಯನ್ನು ವೆಂಕಟೇಶ ತಂದು ಮಹೇಶ್‌ಕುಮಾರನ ಎರಡೂ ಕೈಯಲ್ಲಿ ಇಟ್ಟು, ಮೈಕನ್ನು ಬಾಯಿಯ ಹತ್ತಿರ ಹಿಡಿದ. “ಎರಡ್ ಮಾತಾಡಿ ಸಾರ್.” ಅಡಿಗೆ ಮನೆಯ ಬಾಗಿಲಲ್ಲಿ ಹೆಂಗಸರ ನಡುವೆ ಗೌತಮಿಯ ಮುಖ. ತಟ್ಟೆ ಸಣ್ಣಗೆ ಅಲುಗುತ್ತಿತ್ತು. ಅಡಿಕೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುವುದು ಮೈಕಿನಲ್ಲಿ ಕೇಳಿಸುತ್ತಿದೆ ಎಂದು ಅವನಿಗೆ ನಾಚಿಕೆಯಾಯಿತು.

“ಹುಲಿಗಣ್ಣಿನ ಕೋಟೆ ನಾನು ಕಟ್ಟಿದ ಕತೆ” ಎಂದ. ದನಿ ಬೇರೆಯವರದಂತಿತ್ತು. “ಅಂಥ ಕೋಟೆ ಇರಲಿಲ್ಲ, ಯುದ್ಧ ಆಗಲಿಲ್ಲ. ಬಾಗಿಲುಮನೆಯವರು ಯಾರೂ ಬಾಗಿಲು ತೆಗೆದಿಲ್ಲ. ಮೂಲೆಮನೆಯವರು ಯಾರೂ ಅಲ್ಲಿ ಸತ್ತಿಲ್ಲ. ಹೆಸರುಗಳು ಲಗ್ನಪತ್ರಿಕೆಯಿಂದ ನನ್ನ ತಲೆಗೆ ಬಂದು ಕೂತಿದ್ದವು, ನನಗೇ ಗೊತ್ತಾಗಲಿಲ್ಲ. ತಪ್ಪು ನನ್ನದು. ಮೊದಲನೇ ವೀಳ್ಯ ಯಾರಿಗೆ ಸಲ್ಲುತ್ತಿತ್ತೋ ಅವರಿಗೇ ಸಲ್ಲಬೇಕು.”

ಹೇಳಿಬಿಟ್ಟಿದ್ದ. ಒಂದು ಗಳಿಗೆ ಮೈ ಹಗುರಾಯಿತು. ಆಮೇಲೆ ಚಪ್ಪಾಳೆ ಬಿತ್ತು. ಅವನು ದಂಗಾಗಿ ನೋಡಿದ. ಮುಂದಿನ ಸಾಲಿನ ಹಿರಿಯರೊಬ್ಬರು ತಲೆದೂಗಿ, “ನೋಡಪ್ಪ, ಎಂಥ ದೊಡ್ಡ ಮನ್ಸು. ಆ ಮುದ್ಕುನ್ ಮಾನ ಉಳಿಸಕ್ಕೆ ತಾನೇ ಸುಳ್ಗಾರ ಆಯ್ತಾವ್ರೆ” ಎಂದರು. ಹುಡುಗರು ಫೋನ್ ಎತ್ತಿ ಹಿಡಿದಿದ್ದರು. ವೆಂಕಟೇಶನ ಕಣ್ಣಲ್ಲಿ ನೀರಿತ್ತು.

“ಇಲ್ಲ, ನಿಜವಾಗಿಯೂ ಕತೆ” ಎಂದ ಮಹೇಶ್‌ಕುಮಾರ್, ಜೋರಾಗಿ. “ದೇವರು ಕೂಡ ಇಲ್ಲ. ಹುಲಿಗಣ್ಣವ್ವ ಅಂತ ಯಾರೂ ಇಲ್ಲ.”

ಈ ಸಲ ಚಪ್ಪಾಳೆ ಬೀಳಲಿಲ್ಲ. ಹಚ್ಚೆ ಹಾಕಿಸಿಕೊಂಡಿದ್ದ ಹುಡುಗ ಕುರ್ಚಿಯಿಂದ ಎದ್ದ. ಅವನ ಹಿಂದೆ ಇನ್ನಿಬ್ಬರು ಎದ್ದರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಿತ್ತು, ಮನೆಯೊಳಗೆ ಯಾರೋ ನುಗ್ಗಿದಾಗಿನ ಗಾಬರಿ. “ಯಾರೋ ಏನೋ ಹೇಳ್ಕೊಟ್ಟವ್ರೆ ಸಾರ್‌ಗೆ” ಎಂದಿತು ಒಂದು ದನಿ. “ಅಂಗೆಲ್ಲಾ ಆಡ್ಬ್ಯಾಡಿ ಸಾರ್” ಎಂದ ವೆಂಕಟೇಶ, ಬೇಡಿಕೊಳ್ಳುವಂತೆ, ಮೈಕಿಗೆ ಕೈ ಅಡ್ಡ ಹಿಡಿದು. “ಬುಕ್ಕಲ್ಲಿ ಪ್ರಿಂಟಾಗೈತೆ. ಊರೋರೆಲ್ಲ ಓದವ್ರೆ. ಈಗ ಬಂದು ಇಲ್ಲ ಅಂದ್ರೆ ಯಾರ್ ಕೇಳ್ತಾರೆ ಸಾರ್?” ರಮ್ಯಶ್ರೀ ಅಲ್ಲಿಂದಲೇ ಕೂಗಿದಳು, “ಕೇಳುಸ್ಕಳ್ರೋ, ಬರ್ದೋರೇ ಹೇಳ್ತಾವ್ರೆ!” ಅವಳ ಕಡೆಗೆ ಯಾರೂ ತಿರುಗಲಿಲ್ಲ. ಮಹೇಶ್‌ಕುಮಾರನ ಕಣ್ಣು ಶಾಮಿಯಾನದ ಆಚೆಗೆ ಹೋಯಿತು. ಸ್ಕೂಟರ್ ಎಲ್ಲಿ ನಿಲ್ಲಿಸಿದ್ದೇವೆ, ಗೌತಮಿ ಅಲ್ಲಿಂದ ಅಲ್ಲಿಗೆ ಹೇಗೆ ಬರಬೇಕು ಎಂದು ಲೆಕ್ಕ ಹಾಕತೊಡಗಿದ. ಸತ್ಯ ಹೇಳಿದವನಿಗೆ ಬರಬೇಕಾದ ಧೈರ್ಯ ಎಲ್ಲಿಂದಲೂ ಬರಲಿಲ್ಲ.

ಆಗ ದೊಡ್ಡಬೀರಯ್ಯ ಎದ್ದ. ಗೋಡೆ ಹಿಡಿದು, ನಿಧಾನವಾಗಿ, ಜನರ ಮಧ್ಯೆ ದಾರಿ ಮಾಡಿಕೊಂಡು ಬಂದ. ಹುಡುಗರು ಸರಿದು ದಾರಿ ಬಿಟ್ಟರು. ಅವನು ಮಹೇಶ್‌ಕುಮಾರನ ಎದುರು ಬಂದು ನಿಂತು, ತಟ್ಟೆಯ ಕಡೆ ನೋಡದೆ, ಅವನ ಮುಖವನ್ನೇ ನೋಡಿದ.

“ಸ್ವಾಮಿ, ಇಲ್ಲ ಅನ್ಬ್ಯಾಡಿ” ಎಂದ.

“ಯಜಮಾನ್ರೇ, ನಿಮ್ಮ ಮನೆಯವರು ಯಾರೂ...”

“ನಮ್ ಸೊಸೆ ಪೂರಾ ಓದಿ ಹೇಳವ್ಳೆ. ಒಂದ್ಸಲ ಅಲ್ಲ, ನಾನೇ ಹಟ ಮಾಡಿ ಆ ಬೀರ ಬಾಗ್ಲು ತೆಗ್ಯೋ ಜಾಗವ ಮತ್ ಮತ್ತೆ ಓದಿಸ್ಕಂಡಿವ್ನಿ. ಅವ್ನು ನಮ್ಮನೆಯೋನೇ ಕಣ್ ಸ್ವಾಮಿ. ನಂಗೊಂದು ಹೆಣ್ ಮಗ ಇತ್ತು. ಜರ ಬಂತು. ಎಗಲ ಮ್ಯಾಲೆ ಒತ್ಕಂಡು ಹುಣ್ಸೂರ್‌ಗೆ ಓಗ್ತಾ ಇವ್ನಿ, ಮಳೆ, ದಾರೀಲೇ ಓಗ್ಬುಡ್ತು. ಈಗ್ಲೂವೆ ಮಳೆ ಉಯ್ದಾಗ ಬಾಗ್ಲ ತಾವ ಕಿವಿ ಮಡಿಕ್ಕಂಡು ಕೂತ್ಕತೀನಿ. ಒಂದಿನಾನೂ ಕರೀಲಿಲ್ಲ ನನ್ ಮಗ.” ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. “ಅವ್ನ ಮಗ ಕರೀತು. ಕರುದ್ರೆ ನಾನೂ ತೆಗೀತಿದ್ದೆ. ಕ್ವಾಟೆ ಓದ್ರೆ ಓಗ್ಲಿ. ವೀಳ್ಯ ನೀವ್ ಯಾರಿಗ್ ಬೇಕಾದ್ರೂ ಕೊಡಿ. ಅವ್ನು ಇರ್ನಿಲ್ಲ ಅಂತ ಮಾತ್ರ ಅನ್ಬ್ಯಾಡಿ.”

ರಮ್ಯಶ್ರೀ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಹೇಶ್‌ಕುಮಾರ್ ಏನು ಹೇಳಬೇಕು? ಗಿರಾಕಿ ಹೋಗಿ ಬರುವಷ್ಟರಲ್ಲಿ ಬರೆದದ್ದು ಅದು, ಪುಟ ತುಂಬಿಸಲು ಬರೆದದ್ದು ಎಂದು ಈ ಮನುಷ್ಯನಿಗೆ ಹೇಳಬೇಕೆ? ಹೇಳಬೇಕಿತ್ತು. ಅವನ ಸೊಸೆಗೆ ಮಾತು ಕೊಟ್ಟಿದ್ದ, ಮಗಳು ನೋಡುತ್ತಿದ್ದಳು, ಒಂದು ಚಿಕ್ಕ ಹುಡುಗಿಯ ನಾಳೆಗಳು ಇದರ ಮೇಲೆ ನಿಂತಿದ್ದವು. ಆದರೆ ತನ್ನನ್ನು ಓದಿದವರಲ್ಲೆಲ್ಲ ಈ ಒಬ್ಬ ಮನುಷ್ಯನೇ ತಾನು ಬರೆದದ್ದನ್ನು ತನಗಿಂತ ಚೆನ್ನಾಗಿ ಓದಿದ್ದ, ಅವನೆದುರು ತಾನು ಬರೀ ಟೈಪ್ ಮಾಡಿದವನು ಎಂದು ಅನಿಸಿತು. ಸುಮ್ಮನೆ ತಲೆ ತಗ್ಗಿಸಿದ. ಜನ ಅದನ್ನು ಒಪ್ಪಿಗೆ ಎಂದು ತಿಳಿದರು. ಎದ್ದಿದ್ದ ಹುಡುಗರು ಕೂತರು.

“ಒಂದ್ ಕೇಳ್ಬೇಕಿತ್ತು” ಎಂದ ದೊಡ್ಡಬೀರಯ್ಯ. ಈಗ ಅವನ ದನಿ ಇನ್ನೂ ತಗ್ಗಿತ್ತು. “ಬುಕ್ಕಲ್ಲಿ ಮಗ ಮಗ ಅಂತ ಐತೆ, ಹೆಸ್ರಿಲ್ಲ. ಬರೋ ಪಕ್ಷದಲ್ಲಿ ನನ್ ಮಗೀನ ಜತೇಲೆ ಅದ್ಕೂ ಎಡೆ ಇಕ್ಕವ ಅಂತ. ಇಷ್ಟ್ ಕಾಲ ಯಾರೂ ಇಕ್ಕಿಲ್ಲ ಅದ್ಕೆ. ಹೆಸ್ರು ಕೂಗ್ದೆ ಇಕ್ಕುದ್ರೆ ಬರಕಿಲ್ಲ. ಏನ್ ಸ್ವಾಮಿ ಅದ್ರ ಹೆಸ್ರು?”

ಗೊತ್ತಿಲ್ಲ ಅನ್ನಬಹುದಿತ್ತು. ಅದಕ್ಕೆ ಹೆಸರೇ ಇಡಲಿಲ್ಲ ಅನ್ನಬಹುದಿತ್ತು. ಆನೆಗೆ, ಕತ್ತಿಗೆ, ಪಾಳೆಗಾರನ ಬೇಟೆನಾಯಿಗೆ ಕೂಡ ಹೆಸರಿಟ್ಟಿದ್ದ. ಈ ಮಗುವಿಗೆ ಇಡಲು ತೋಚಿರಲಿಲ್ಲ. ಮುದುಕ ಕಾಯುತ್ತಿದ್ದ. ವೆಂಕಟೇಶ, ಹಚ್ಚೆಯ ಹುಡುಗ, ವೀಳ್ಯ ಕೂಗುವವನು, ಎಲ್ಲರೂ ಬಾಯಿ ತೆರೆದು ಕಾಯುತ್ತಿದ್ದರು, ಫೋನುಗಳು ಎತ್ತಿದಂತೆಯೇ ಇದ್ದವು. ತಾನು ಈಗ ಏನು ಹೇಳಿದರೂ ಅದು ಆಗಿಬಿಡುತ್ತದೆ ಎಂಬ ಭಯದಲ್ಲಿ ಅವನು ತನ್ನ ಪುಸ್ತಕಗಳಲ್ಲಿ, ಇಷ್ಟು ವರ್ಷ ಟೈಪ್ ಮಾಡಿದ ಸಾವಿರಾರು ಪತ್ರಿಕೆಗಳಲ್ಲಿ ಒಂದು ಹೆಸರಿಗಾಗಿ ತಡಕಾಡಿದ. ಒಂದೂ ಸಿಗಲಿಲ್ಲ. ಬಾಯಿ ತಾನಾಗಿ ತೆರೆಯಿತು.

“ಗೌತಮಿ” ಎಂದ.

ಮೈಕು ಅದನ್ನು ಊರಿಗೆಲ್ಲ ಹೇಳಿತು. ದೊಡ್ಡಬೀರಯ್ಯ ಎರಡೂ ಕೈ ಎತ್ತಿ ಕಣ್ಣಿಗೊತ್ತಿಕೊಂಡು, “ಗೌತಮವ್ವ” ಎಂದ, ಇನ್ನೊಮ್ಮೆ ಹೇಳಿ ನಾಲಗೆ ರೂಢಿ ಮಾಡಿಕೊಂಡ. ಹುಡುಗರ ಹೆಬ್ಬೆರಳುಗಳು ಫೋನಿನ ಮೇಲೆ ಓಡಾಡತೊಡಗಿದವು. ಮಹೇಶ್‌ಕುಮಾರ್, ಅಲ್ಲ, ಅದಲ್ಲ, ಬೇರೆ ಎಂದ. ಆದರೆ ಅಷ್ಟರಲ್ಲಿ ವೆಂಕಟೇಶ ಮೈಕು ತೆಗೆದುಕೊಂಡು ಹೋಗಿದ್ದ, ವೀಳ್ಯ ಕೂಗುವವನು ಮೂಲೆಮನೆಯ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದ್ದ. ಯಾರೋ ಬಂದು ಅವನ ಕೈಯಿಂದ ವೀಳ್ಯ ತೆಗೆದುಕೊಂಡರು. ಯಾರೆಂದು ಅವನು ನೋಡಲಿಲ್ಲ. ಪಕ್ಷ ಬಂದಾಗಲೆಲ್ಲ ಎಲೆಯ ಮೇಲೆ ಅನ್ನ, ಪಾಯಸ ಬಡಿಸಿ, ಸತ್ತವರ ಸಾಲಿನಲ್ಲಿ ಆ ಹೆಸರು ಹಿಡಿದು ಬಾ ಎಂದು ಕರೆಯುತ್ತಾರೆ. ಇವರು ಮರೆಯುವ ಜನ ಅಲ್ಲ. ಮಕ್ಕಳಿಗೆ ಹೇಳಿಕೊಟ್ಟು ಹೋಗುತ್ತಾರೆ. ಅವನು ಅಂಗಳದ ಆಚೆ ಅಡಿಗೆ ಮನೆಯ ಬಾಗಿಲ ಕಡೆ ನೋಡಿದ.

ಗೌತಮಿ ಅಲ್ಲೇ ನಿಂತಿದ್ದಳು. ಅವಳ ಮುಖದಲ್ಲಿ ರಕ್ತ ಇರಲಿಲ್ಲ. ಒಬ್ಬ ಮುದುಕಿ, ಯಾರೋ ಚಿಕ್ಕಬಸಮ್ಮ ಎಂದು ಕರೆದರು, ದೊಡ್ಡಬೀರಯ್ಯನ ಹೆಂಡತಿಯಿರಬೇಕು, ಹೊರಗಿನ ಗದ್ದಲವೇನೂ ಕಿವಿಗೆ ಬೀಳದವಳಂತೆ ಅವಳ ಜಡೆಗೆ ಒಂದು ಮೊಳ ಕಾಕಡ ಹೂ ಮುಡಿಸಿ, ಗಲ್ಲ ಹಿಡಿದು ಮುಖ ಎತ್ತಿ ನೋಡುತ್ತಿದ್ದಳು.

“ಚೆಂದಾಗಿದ್ದೀಯ ಕಣವ್ವ. ನಿನ್ನೆಸ್ರೇನು ಮಗ?”

ಮಹೇಶ್‌ಕುಮಾರ್ ದೂರದಿಂದಲೇ ತಲೆಯಾಡಿಸಿದ. ಬೇಡ, ಹೇಳಬೇಡ. ಖಾಲಿ ತಟ್ಟೆ ಹಿಡಿದ ಕೈಯನ್ನೂ ಆಡಿಸಿದ. ನಿಜ ಹೇಳಿಸಲೆಂದು ಅವನನ್ನು ಇಲ್ಲಿಯವರೆಗೆ ಕರೆತಂದ ಹುಡುಗಿ ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುದುಕಿಯ ಕಡೆ ತಿರುಗಿದಳು.

“ಶ್ರುತಿ, ಅಜ್ಜಿ” ಎಂದಳು.